ನೆರಳಿಗೆ ಜೀವವಿತ್ತ ಲೋಟೆ ರೈನಿಗರ್

ಹೆಣ್ಣುಮಕ್ಕಳ ಕೈಗೆಲಸವೆಂದರೆ ಹೊತ್ತು ಕಳೆಯುವುದಕ್ಕೆ ತಕ್ಕ ವಿನೋದವೇ ಹೊರತು ಜೀವನೋಪಾಯಕ್ಕಾಗಲಿ ಕೀರ್ತಿಗಾಗಲಿ ಸಾಧನವಾಗುವಂಥದಲ್ಲವೆಂದು ಎಣಿಸುವವರು ಎಲ್ಲ ದೇಶಗಳಲ್ಲಿಯೂ ಉಂಟು. ಹೊಲಿಗೆ, ಕಸೂತಿ, ಕಾಗದವನ್ನು ಕತ್ತರಿಸಿ ಬೊಂಬೆ ಮಾಡುವುದು, ಇವೇ ಮೊದಲಾದವುಗಳನ್ನು ಶಾಲೆಯ ಉತ್ಸವದ ದಿನ ಮೇಜಿನ ಮೇಲೆ ಹರಡಿ, ಬಂದವರೆಲ್ಲ ನೋಡಿ ಮೆಚ್ಚಿದ ಬಳಿಕ ಪೆಟ್ಟಿಗೆಯಲ್ಲಿಟ್ಟು ಮರೆತುಬಿಡುವುದು ವಾಡಿಕೆಯಾಗಿದೆ. ಆದರೆ ಒಂದು ಕತ್ತರಿ, ಒಂದು ಹಾಳೆ ಕರಿಯ ಕಾಗದ, ಇವೆರಡನ್ನೇ ಬಂಡವಾಳವಾಗಿ ಹಿಡಿದು ಅರುವತ್ತು ವರ್ಷಗಳ ಪರ್ಯಂತ ದುಡಿದು, ಚಲನಚಿತ್ರಕಲೆಯ ಚರಿತ್ರೆಯಲ್ಲಿ ಅಳಿಯದ ಹೆಸರನ್ನು ಪಡೆದ ಸ್ತ್ರೀರತ್ನವೊಂದು ಜರ್ಮನಿ ದೇಶದಲ್ಲಿ ಹುಟ್ಟಿತು. ಆಕೆಯೇ ಲೋಟೆ ರೈನಿಗರ್. ಆಕೆಯ ಜೀವನವೃತ್ತಾಂತವನ್ನು ನಮ್ಮ ಹಿಂದಿನ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಅರಿತುಕೊಳ್ಳುವುದು ಪ್ರಯೋಜನಕರವೆಂದು ತೋರಿ, ಅದನ್ನು ಇಲ್ಲಿ ಸಂಗ್ರಹವಾಗಿ ಬರೆದಿದೆ.

ಲೋಟೆಯು 1899ನೆಯ ಇಸವಿ ಜೂನ್ ತಿಂಗಳ 2ನೆಯ ತಾರೀಖಿನಲ್ಲಿ ಬರ್ಲಿನ್ ಪಟ್ಟಣಕ್ಕೆ ಸೇರಿದ ಚಾರ್ಲೊಟೆನ್‌ಬುರ್ಗ್ ಎಂಬಲ್ಲಿ ಜನಿಸಿದಳು. ಆ ಊರಿನ ಅರಣ್ಯಶಾಲೆಯಲ್ಲಿ ಆಕೆಯ ವಿದ್ಯಾಭ್ಯಾಸವು ನಡೆಯಿತು. 1904ರಲ್ಲಿ ಸ್ಥಾಪಿತವಾದ ಈ ಶಾಲೆಯು ಬಹು ವಿಶೇಷವಾದದ್ದು. ನಾಲ್ಕು ಗೋಡೆಗಳೊಳಗೆ ಮಕ್ಕಳನ್ನು ಕೂಡಿಹಾಕದೆ ಪೈನ್ ಮರಗಳ ನಡುವೆ ಶುದ್ಧವಾದ ಗಾಳಿ ಬೆಳಕುಗಳಲ್ಲಿ ಪಾಠ ಹೇಳುವ ಬಯಲುಶಾಲೆಗಳಿಗೆ ಇದೇ ಮೊದಲ ಮಾದರಿಯಾಯಿತು. ಇಲ್ಲಿಯೇ ಲೋಟೆಯ ಕೈಗೆ ಕತ್ತರಿಯು ಬಂದಿತು. ಕಾಗದದಲ್ಲಿ ಆಕೃತಿಗಳನ್ನು ಕತ್ತರಿಸುವ ವಿದ್ಯೆಯು ಜರ್ಮನಿಯಲ್ಲಿ ಬಹುಕಾಲದಿಂದ ಮನೆಮನೆಗಳಲ್ಲಿ ನಡೆದುಬಂದುದಾಗಿತ್ತು. ಇತರ ಹುಡುಗಿಯರಿಗೆ ಅದು ಒಂದು ಪಾಠವಾಗಿದ್ದರೆ ಲೋಟೆಗೆ ಅದು ಉಸಿರಾಟದಷ್ಟು ಸಹಜವಾಯಿತು. ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳದೆಯೇ ಕುದುರೆ, ರಾಜಕುಮಾರಿ, ಮರ, ಪಕ್ಷಿಗಳನ್ನು ಆಕೆಯು ನೇರವಾಗಿ ಕತ್ತರಿಸಿ ತೆಗೆಯಬಲ್ಲವಳಾದಳು. ಚೀನಾ ದೇಶದ ನೆರಳುಬೊಂಬೆಯಾಟದಲ್ಲಿ ಆಕೆಗೆ ಅತ್ಯಾಸಕ್ತಿ ಉಂಟಾಯಿತು. ಮನೆಯಲ್ಲಿಯೇ ಪರದೆಯೊಂದನ್ನು ಕಟ್ಟಿ, ಹಿಂದೆ ದೀಪವಿಟ್ಟು, ಶೇಕ್ಸ್‌ಪಿಯರನ ನಾಟಕಗಳನ್ನು ಕಾಗದದ ಬೊಂಬೆಗಳಿಂದ ಆಡಿಸಿ ಬಂಧುಮಿತ್ರರಿಗೆ ತೋರಿಸುತ್ತಿದ್ದಳು.

ಈ ನೆರಳುಚಿತ್ರದ ಕಲೆಯು ಮೊದಲಿನಿಂದಲೂ ಬಡವರ ಕಲೆಯೆನಿಸಿಕೊಂಡಿತ್ತು. 18ನೆಯ ಶತಮಾನದಲ್ಲಿ ಛಾಯಾಗ್ರಹಣವು ಇನ್ನೂ ಹುಟ್ಟಿರಲಿಲ್ಲ. ತೈಲಚಿತ್ರವನ್ನು ಬರೆಯಿಸುವಷ್ಟು ಹಣವಿಲ್ಲದವರು ತಮ್ಮ ಮುಖದ ಪಾರ್ಶ್ವರೂಪವನ್ನು ಕರಿಯ ಕಾಗದದಲ್ಲಿ ಕತ್ತರಿಸಿಕೊಳ್ಳುತ್ತಿದ್ದರು. ಫ್ರಾನ್ಸ್ ದೇಶದಲ್ಲಿ 1759ರಲ್ಲಿ ಹಣಕಾಸಿನ ಮಂತ್ರಿಯಾಗಿದ್ದ ಸಿಲುವೆಟ್ ಎಂಬಾತನು ಮಿತವ್ಯಯಕ್ಕೆ ಹೆಸರಾಗಿದ್ದುದರಿಂದ, ಅಗ್ಗದ ಈ ಚಿತ್ರಕ್ಕೂ ಜನರು ಅವನ ಹೆಸರನ್ನೇ ಇಟ್ಟರು. ನಮ್ಮ ನಾಡಿನ ತೊಗಲುಬೊಂಬೆಯಾಟವನ್ನು ಕಂಡವರಿಗೆ ನೆರಳಿನ ಸೊಗಸನ್ನು ಹೊಸದಾಗಿ ವರ್ಣಿಸಬೇಕಾದುದಿಲ್ಲ. ಆದರೆ ನಮ್ಮ ಬೊಂಬೆಗಳು ಬೆಳಕು ಹಾಯುವ ತೊಗಲಿನವು, ಬಣ್ಣ ತುಂಬಿದವು. ಲೋಟೆಯ ಬೊಂಬೆಗಳಾದರೋ ಕಣ್ಣುಮೂಗುಗಳ ಗುರುತೂ ಇಲ್ಲದ ಕಪ್ಪು ಆಕೃತಿಗಳು. ನಗುವನ್ನಾಗಲಿ ದುಃಖವನ್ನಾಗಲಿ ಮುಖದಲ್ಲಿ ತೋರಿಸಲು ಅಲ್ಲಿ ಎಡೆಯಿಲ್ಲ. ಕತ್ತಿನ ಒಂದು ಬಾಗು, ಬೆರಳಿನ ಒಂದು ಚಲನೆ, ನಡೆಯ ಒಂದು ವೈಖರಿ, ಇವುಗಳಿಂದಲೇ ಮನಸ್ಸಿನ ಭಾವವೆಲ್ಲವೂ ಹೊರಬೀಳಬೇಕು. ಈ ಕಷ್ಟವನ್ನೇ ಆಕೆಯು ತನ್ನ ಕಲೆಯ ಬಲವಾಗಿ ಮಾಡಿಕೊಂಡಳು.

ಆ ಕಾಲದಲ್ಲಿ ಚಲನಚಿತ್ರವೆಂಬುದು ಬಾಲ್ಯಾವಸ್ಥೆಯಲ್ಲಿತ್ತು. ಫ್ರಾನ್ಸಿನ ಮೆಲಿಯೇಸ್ ಎಂಬವನ ಮಾಯಾಚಿತ್ರಗಳನ್ನು ನೋಡಿ ಲೋಟೆಯು ಬೆರಗಾಗಿದ್ದಳು. 1915ರಲ್ಲಿ ಪೌಲ್ ವೇಗೆನರ್ ಎಂಬ ಪ್ರಸಿದ್ಧ ನಟನು ಚಲನಚಿತ್ರದಲ್ಲಿ ಅದ್ಭುತಗಳನ್ನು ತೋರಿಸಬಹುದಾದ ಬಗೆಯನ್ನು ಕುರಿತು ಉಪನ್ಯಾಸ ಮಾಡಿದನು. ಹದಿನಾರು ವರ್ಷದ ಹುಡುಗಿಯು ಅದನ್ನು ಕೇಳಿ, ತನ್ನ ಬಾಳಿನ ದಾರಿಯು ಇದೇ ಎಂದು ನಿಶ್ಚಯಿಸಿಕೊಂಡಳು. ಆದರೆ ವೇಗೆನರನ ಬಳಿಗೆ ಹೋಗುವುದು ಹೇಗೆ? ಆತನು ಬರ್ಲಿನ್ನಿನಲ್ಲಿ ಮಾಕ್ಸ್ ರೈನ್‌ಹಾರ್ಟ್ ಎಂಬ ನಾಟಕಾಚಾರ್ಯನ ರಂಗಶಾಲೆಯಲ್ಲಿ ನಟಿಸುತ್ತಿದ್ದನು. ಆ ರಂಗಶಾಲೆಗೆ ಸೇರಿದ ನಾಟಕವಿದ್ಯೆಯ ಪಾಠಶಾಲೆಯಲ್ಲಿ ತನ್ನನ್ನು ಸೇರಿಸಬೇಕೆಂದು ಲೋಟೆಯು ತಾಯಿತಂದೆಗಳನ್ನು ಒಡಂಬಡಿಸಿದಳು. ಯುರೋಪಿನ ಮಹಾಯುದ್ಧವು ನಡೆಯುತ್ತಿದ್ದ ಕಾಲವದು. ಮಗಳನ್ನು ನಾಟಕಶಾಲೆಗೆ ಕಳುಹಿಸುವುದೆಂದರೆ ಯಾವ ಗೃಹಸ್ಥರಿಗಾದರೂ ಅಳುಕು ಹುಟ್ಟಿಸುವ ಮಾತೇ ಸರಿ. ಆದರೂ ಅವರು ಒಪ್ಪಿದರು. ಈ ಒಪ್ಪಿಗೆಯಿಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲವೆಂಬುದನ್ನು ಓದುವವರು ಗಮನದಲ್ಲಿಡಬೇಕು.

ಪಾಠಶಾಲೆಗೆ ಸೇರಿದೊಡನೆ ದೊಡ್ಡ ಪಾತ್ರಗಳೇನೂ ಆಕೆಗೆ ದೊರೆಯಲಿಲ್ಲ. ತೆರೆಯ ಹಿಂದೆ ನಿಂತು ಉಡುಪುಗಳನ್ನು ಸಿದ್ಧಪಡಿಸುವುದೇ ಮೊದಲಾದ ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ, ಬಿಡುವಾದಾಗ ರಂಗದ ಮೇಲಿದ್ದ ನಟನಟಿಯರ ನೆರಳುಚಿತ್ರಗಳನ್ನು ಕತ್ತರಿಸುತ್ತಿದ್ದಳು. ಆ ಚಿತ್ರಗಳಲ್ಲಿ ಒಬ್ಬೊಬ್ಬರ ನಿಲುವೂ ನಡೆಯೂ ತದ್ರೂಪವಾಗಿದ್ದುದನ್ನು ಕಂಡು ನಟರೇ ವಿಸ್ಮಯಪಟ್ಟರು. 1917ರಲ್ಲಿ ಅವು ಪುಸ್ತಕರೂಪವಾಗಿ ಪ್ರಕಟವಾದುವು. ವೇಗೆನರನ ದೃಷ್ಟಿಯೂ ಆಕೆಯ ಮೇಲೆ ಬಿದ್ದಿತು. 1918ರಲ್ಲಿ ಆತನು ಹ್ಯಾಮೆಲಿನ್ ಪಟ್ಟಣದ ಇಲಿಗಳ ಕಥೆಯನ್ನು ಚಲನಚಿತ್ರವಾಗಿ ತೆಗೆದಾಗ, ನಡುನಡುವೆ ಬರುವ ಬರಹದ ಫಲಕಗಳಿಗೆ ನೆರಳುಚಿತ್ರಗಳ ಅಲಂಕಾರವನ್ನು ಲೋಟೆಯಿಂದಲೇ ಮಾಡಿಸಿದನು. ಆ ಚಿತ್ರದಲ್ಲಿ ಇಲಿಗಳು ಕೊಳಲೂದುವವನ ಹಿಂದೆ ಹಿಂಡಾಗಿ ಹೋಗಬೇಕಷ್ಟೆ. ನಿಜವಾದ ಇಲಿಗಳು ಯಾರ ಮಾತನ್ನೂ ಕೇಳಲಿಲ್ಲ. ಕೊನೆಗೆ ಮರದ ಇಲಿಗಳನ್ನು ಮಾಡಿಸಿ, ಅವನ್ನು ಎಳ್ಳಷ್ಟು ಎಳ್ಳಷ್ಟಾಗಿ ಸರಿಸುತ್ತ, ಸರಿಸಿದಾಗಲೆಲ್ಲ ಒಂದೊಂದು ಚಿತ್ರವನ್ನು ತೆಗೆಯಬೇಕಾಯಿತು. ಆ ಇಲಿಗಳನ್ನು ನಡೆಸುವ ಕೆಲಸದಲ್ಲಿ ಲೋಟೆಯೂ ತೊಡಗಿದಳು. ನಿರ್ಜೀವ ವಸ್ತುವನ್ನು ಸಜೀವವಾಗಿ ತೋರಿಸುವ ವಿದ್ಯೆಯಲ್ಲಿ, ಅಂದರೆ ಇಂದು ಅನಿಮೇಷನ್ ಎಂದು ಕರೆಯಲ್ಪಡುವ ಕಲೆಯಲ್ಲಿ, ಆಕೆಯು ಕಲಿತ ಮೊದಲ ಪಾಠವು ಇದೇ.

ವೇಗೆನರನ ಶಿಫಾರಸಿನ ಮೇಲೆ 1919ರಲ್ಲಿ ಆಕೆಗೆ ಬರ್ಲಿನ್ನಿನ ಸಂಸ್ಕೃತಿ ಸಂಶೋಧನಾ ಸಂಸ್ಥೆಯೊಂದರ ಪರಿಚಯವಾಯಿತು. ಹಾನ್ಸ್ ಕ್ಯೂರ್ಲಿಸ್ ಎಂಬ ವಿದ್ವಾಂಸನು ನಡೆಸುತ್ತಿದ್ದ ಈ ಸಂಸ್ಥೆಯಲ್ಲಿ ಶಾಸ್ತ್ರವಿಷಯಗಳ ಚಿತ್ರಗಳನ್ನೂ ಹೊಸ ಹೊಸ ಪ್ರಯೋಗಗಳನ್ನೂ ತಯಾರಿಸುತ್ತಿದ್ದರು. ಅಲ್ಲಿ ಅದೇ ವರ್ಷ ಲೋಟೆಯು ತನ್ನ ಮೊದಲನೆಯ ನೆರಳು ಚಲನಚಿತ್ರವನ್ನು ರಚಿಸಿದಳು. ಇಬ್ಬರು ಪ್ರಣಯಿಗಳೂ ಅವರ ಮನಸ್ಸಿನ ಏರಿಳಿತಗಳಿಗೆ ತಕ್ಕಂತೆ ಆಕಾರವನ್ನು ಬದಲಿಸುವ ಒಂದು ಅಲಂಕಾರದ ಬಳ್ಳಿಯೂ, ಇಷ್ಟೇ ಆ ಕಿರುಚಿತ್ರದ ವಸ್ತು. ಅಲ್ಲಿಯೇ ಕೆಲಸಮಾಡುತ್ತಿದ್ದ ಕಾರ್ಲ್ ಕೋಖ್ ಎಂಬ ತರುಣನೊಡನೆ 1921ರಲ್ಲಿ ಆಕೆಯ ವಿವಾಹವಾಯಿತು. ಅಂದಿನಿಂದ ಪತ್ನಿಯು ಬೊಂಬೆಗಳನ್ನು ಕತ್ತರಿಸಿ ಚಲಿಸುವಳು, ಪತಿಯು ಕ್ಯಾಮರಾವನ್ನೂ ಲೆಕ್ಕಾಚಾರವನ್ನೂ ನೋಡಿಕೊಳ್ಳುವನು, ಹೀಗೆ ಇಬ್ಬರೂ ಒಂದೇ ನೊಗಕ್ಕೆ ಹೆಗಲುಕೊಟ್ಟು ದುಡಿದರು. ಹೊಟ್ಟೆಯ ಪಾಡಿಗಾಗಿ ಜಾಹೀರಾತಿನ ಚಿತ್ರಗಳನ್ನು ಮಾಡುವುದಕ್ಕೂ ಲೋಟೆಯು ನಾಚಲಿಲ್ಲ. ಮುಖಕ್ಕೆ ಹಚ್ಚುವ ನಿವಿಯಾ ಲೇಪನಕ್ಕಾಗಿ ಆಕೆಯು 1922ರಲ್ಲಿ ಮಾಡಿಕೊಟ್ಟ ಚಿತ್ರವು ಇಂದಿಗೂ ಉಳಿದಿದೆ.

ಆಕೆಯು ಕೆಲಸಮಾಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರಿಸುವುದು ಉಚಿತ. ಮೊದಲು ಪಾತ್ರದ ತಲೆ, ತೋಳು, ಮುಂಗೈ, ತೊಡೆ, ಪಾದ, ಇವುಗಳನ್ನು ಬೇರೆ ಬೇರೆಯಾಗಿ ಕರಿಯ ರಟ್ಟಿನಲ್ಲಿಯೂ ತೆಳುವಾದ ಸೀಸದ ತಗಡಿನಲ್ಲಿಯೂ ಕತ್ತರಿಸುವಳು. ಬಲಗೈಯಲ್ಲಿ ಕತ್ತರಿಯು ಹೆಚ್ಚಾಗಿ ಅಲುಗಾಡದು. ಎಡಗೈಯು ಕಾಗದವನ್ನೇ ತಿರುಗಿಸುತ್ತ ಕತ್ತರಿಯ ಬಾಯಿಗೆ ಒಡ್ಡುವುದು. ಆಮೇಲೆ ಆ ತುಂಡುಗಳನ್ನು ಕೀಲುಗಳಲ್ಲಿ ಸಣ್ಣ ತಂತಿಯಿಂದ ಜೋಡಿಸುವಳು. ಮೇಜಿನ ಮೇಲೆ ಗಾಜಿನ ಹಲಗೆ, ಅದರ ಕೆಳಗೆ ದೀಪ, ಮೇಲ್ಗಡೆ ಕೆಳಮುಖವಾಗಿ ನೋಡುವ ಕ್ಯಾಮರಾ. ಗಾಜಿನ ಮೇಲೆ ಬೊಂಬೆಯನ್ನು ಮಲಗಿಸಿ, ಒಂದು ಕೂದಲೆಳೆಯಷ್ಟು ಸರಿಸಿ, ಒಂದು ಚಿತ್ರ. ಮತ್ತಷ್ಟು ಸರಿಸಿ, ಇನ್ನೊಂದು ಚಿತ್ರ. ವಾಕ್ಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಬೇಕು. ಆದುದರಿಂದ ಹತ್ತು ನಿಮಿಷಗಳ ಆಟಕ್ಕೆ 14,400 ಸಲ ಬೊಂಬೆಗಳನ್ನು ಮುಟ್ಟಬೇಕಾಗುವುದು. ಒಂದು ಸಲ ಕೈ ತಪ್ಪಿದರೂ ಪರದೆಯ ಮೇಲೆ ಬೊಂಬೆಯು ಎಡವಿದಂತೆ ಕಾಣುವುದು. ತಾಳ್ಮೆಯೆಂಬ ಗುಣವು ಸ್ತ್ರೀಯರಿಗೆ ಭೂಷಣವೆಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಇಲ್ಲಿ ತಾಳ್ಮೆಯು ಭೂಷಣ ಮಾತ್ರವಲ್ಲ, ಉಪಕರಣವೇ ಆಗಿತ್ತು.

1923ನೆಯ ಇಸವಿಯು ಜರ್ಮನಿಗೆ ಮಹಾ ವಿಪತ್ತಿನ ವರ್ಷ. ಯುದ್ಧದಲ್ಲಿ ಸೋತ ಆ ದೇಶದ ನಾಣ್ಯದ ಬೆಲೆಯು ದಿನದಿನಕ್ಕೆ ಕುಸಿದು, ನವಂಬರ್ ತಿಂಗಳಲ್ಲಿ ಅಮೆರಿಕಾದ ಒಂದು ಡಾಲರಿಗೆ 4,20,000 ಕೋಟಿ ಮಾರ್ಕುಗಳನ್ನು ತೆರಬೇಕಾಯಿತು. ಜೀವಮಾನವೆಲ್ಲ ಕೂಡಿಟ್ಟ ಹಣವು ಒಂದು ರೊಟ್ಟಿಗೂ ಸಾಲದಾಯಿತು. ಹಣವನ್ನು ಇಟ್ಟುಕೊಂಡವನು ಕೆಟ್ಟನು, ಸರಕನ್ನು ಕೊಂಡುಕೊಂಡವನು ಉಳಿದನು. ಲೂಯಿ ಹಾಗೆನ್ ಎಂಬ ಬ್ಯಾಂಕಿನ ಯಜಮಾನನು ಈ ಕಾರಣದಿಂದ ಚಿತ್ರ ತೆಗೆಯುವ ಹೊಸ ಫಿಲ್ಮನ್ನು ರಾಶಿಯಾಗಿ ಕೊಂಡಿಟ್ಟಿದ್ದನು. ಲೋಟೆಯ ಕೆಲಸವನ್ನು ನೋಡಿ ಮೆಚ್ಚಿದ ಆತನು, ಈ ಫಿಲ್ಮನ್ನು ಉಪಯೋಗಿಸಿ ಪೂರ್ಣಪ್ರಮಾಣದ ನೆರಳು ಚಲನಚಿತ್ರವನ್ನೇ ಏಕೆ ಮಾಡಬಾರದೆಂದು ವಿಚಾರಿಸಿದನು. ಆವರೆಗೆ ಇಂತಹ ಚಿತ್ರಗಳೆಂದರೆ ಹತ್ತು ನಿಮಿಷಗಳ ತಮಾಷೆಯೆಂದೇ ಜನರ ಭಾವನೆ. ಒಂದು ತಾಸಿಗೂ ಹೆಚ್ಚು ಕಾಲ ನೆರಳನ್ನು ನೋಡುತ್ತ ಕುಳಿತಿರುವವರು ಯಾರು ಎಂಬ ಸಂಶಯವು ಎಲ್ಲರಿಗೂ ಇತ್ತು. ಲೋಟೆಗೆ ಆಗ ಇಪ್ಪತ್ತನಾಲ್ಕು ವರ್ಷ ವಯಸ್ಸು. ಆಕೆಯು ಧೈರ್ಯದಿಂದ ಒಪ್ಪಿಕೊಂಡಳು.

ಬರ್ಲಿನ್ನಿಗೆ ಸಮೀಪವಾದ ಪೋಟ್ಸ್‌ಡಾಮಿನಲ್ಲಿ ಹಾಗೆನನ ಮನೆಯಿತ್ತು. ಅಲ್ಲಿ ಮೋಟಾರು ಗಾಡಿಯ ಕೊಟ್ಟಿಗೆಯ ಅಟ್ಟದ ಮೇಲೆ ಚಿತ್ರಶಾಲೆಯನ್ನು ಕಟ್ಟಿಕೊಟ್ಟರು. ಅಟ್ಟದ ಮಾಡು ಬಹು ತಗ್ಗು. ಕ್ಯಾಮರಾವನ್ನು ತಕ್ಕಷ್ಟು ಎತ್ತರದಲ್ಲಿ ನಿಲ್ಲಿಸಬೇಕಾದರೆ ಗಾಜಿನ ಹಲಗೆಯನ್ನು ನೆಲಕ್ಕೆ ಹತ್ತಿರವಾಗಿ ಇಡಬೇಕಾಗಿತ್ತು. ಆದುದರಿಂದ ಲೋಟೆಯು ಹಳೆಯ ಮೋಟಾರು ಗಾಡಿಯೊಂದರ ಆಸನವನ್ನು ಹಾಸಿಕೊಂಡು, ಅದರ ಮೇಲೆ ಮೊಣಕಾಲೂರಿ, ದಿನವಿಡೀ ಬಗ್ಗಿ ಕೆಲಸಮಾಡುತ್ತಿದ್ದಳು. 1923ರಿಂದ 1926ರ ವರೆಗೆ ಮೂರು ವರ್ಷಗಳ ಕಾಲ ಈ ತಪಸ್ಸು ನಡೆಯಿತು. ಆಕೆಯ ಕೈಯಿಂದ ಬೊಂಬೆಗಳು ಸರಿದು ಎರಡು ಲಕ್ಷಕ್ಕೂ ಮಿಕ್ಕಿದ ಚಿತ್ರಗಳು ತೆಗೆಯಲ್ಪಟ್ಟುವು. ಅವುಗಳಲ್ಲಿ ಅರ್ಧಕ್ಕಿಂತಲೂ ಕಡಿಮೆ ಭಾಗವು ಮಾತ್ರ ಕೊನೆಗೆ ಉಳಿಯಿತು. ವಾಲ್ಟರ್ ರುಟ್‌ಮನ್ ಎಂಬವನು ಮಂತ್ರಮಾಯೆಗಳ ಬೆಳಕಿನಾಟವನ್ನೂ, ಬೆರ್ಟೋಲ್ಡ್ ಬಾರ್ಟೋಶ್ ಎಂಬವನು ಕಡಲಿನ ಅಲೆಗಳನ್ನೂ ಕಲ್ಪಿಸಿಕೊಟ್ಟರು. ವೋಲ್ಫ್‌ಗಾಂಗ್ ತ್ಸೆಲ್ಲರ್ ಸಂಗೀತವನ್ನು ರಚಿಸಿದನು. ಒಂದರ ಮೇಲೊಂದಾಗಿ ಅಂತರವಿಟ್ಟು ಜೋಡಿಸಿದ ಗಾಜಿನ ಹಲಗೆಗಳ ಮೇಲೆ ಆಕಾಶ, ಬೆಟ್ಟ, ಅರಮನೆಗಳನ್ನು ಬೇರೆ ಬೇರೆಯಾಗಿ ಇಟ್ಟುದರಿಂದ ದೃಶ್ಯಕ್ಕೆ ಆಳವೂ ಬಂದಿತು.

ರಾಜಕುಮಾರ ಅಹಮದನ ಸಾಹಸಗಳು ಎಂಬ ಈ ಚಿತ್ರದ ಕಥೆಯು ಅರಬ್ಬಿ ದೇಶದ ಸಾವಿರದ ಒಂದು ರಾತ್ರಿಗಳ ಕಥಾಸಮೂಹದಿಂದ ಆರಿಸಿದ್ದು. ದುಷ್ಟನಾದ ಮಾಂತ್ರಿಕನೊಬ್ಬನು ಹಾರುವ ಕುದುರೆಯೊಂದನ್ನು ತರುವನು. ಅದನ್ನೇರಿದ ಅಹಮದನಿಗೆ ಮೇಲಕ್ಕೆ ಹೋಗುವುದು ಗೊತ್ತು, ಕೆಳಕ್ಕೆ ಇಳಿಯುವುದು ಗೊತ್ತಿಲ್ಲ. ಹೀಗೆ ಆರಂಭವಾದ ಕಥೆಯು ಪರಿ ಬಾನು ಎಂಬ ಸುಂದರಿಯ ದ್ವೀಪಕ್ಕೂ, ಚೀನಾ ದೇಶಕ್ಕೂ, ಅಲ್ಲಾವುದ್ದೀನನ ದೀಪದ ವೃತ್ತಾಂತಕ್ಕೂ ಸಾಗಿ, ಮಾಟಗಾತಿಗೂ ಮಾಂತ್ರಿಕನಿಗೂ ನಡೆಯುವ ಘೋರವಾದ ಕಾಳಗದಲ್ಲಿ ಪರ್ಯವಸಾನವಾಗುವುದು. ಇಂತಹ ಸಂಗತಿಗಳನ್ನು ನಟರಿಂದ ಆಡಿಸಿ ತೋರಿಸಬೇಕಾದರೆ ಅರಸನ ಬೊಕ್ಕಸವೂ ಸಾಲದು; ಕಾಗದದ ಬೊಂಬೆಗೆ ಆಕಾಶವೂ ನೆಲವೂ ಒಂದೇ.

ಚಿತ್ರವು ಸಿದ್ಧವಾಯಿತು. ಆದರೆ ಅದನ್ನು ತೋರಿಸಲು ಯಾವ ಚಿತ್ರಮಂದಿರದ ಯಜಮಾನನೂ ಮುಂದೆ ಬರಲಿಲ್ಲ. ಲೋಟೆಯೂ ಆಕೆಯ ಸ್ನೇಹಿತರೂ ಕೂಡಿ 1926ನೆಯ ಇಸವಿ ಮೇ ತಿಂಗಳ 2ನೆಯ ತಾರೀಖು ಭಾನುವಾರ ಬರ್ಲಿನ್ನಿನ ಜನತಾ ರಂಗಮಂದಿರದಲ್ಲಿ ತಾವೇ ಪ್ರದರ್ಶನವನ್ನು ಏರ್ಪಡಿಸಿದರು. ನೋಡಿದವರು ಮುಗ್ಧರಾದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ತೋರಿಸಿದಾಗ, ಮುಂದೆ ಲೋಕಪ್ರಸಿದ್ಧನಾದ ಚಿತ್ರನಿರ್ದೇಶಕ ಜಾನ್ ರೆನ್ವಾರ್ ಅದನ್ನು ಬಹುವಾಗಿ ಮೆಚ್ಚಿ, ಜೀವಾವಧಿ ಈ ದಂಪತಿಗಳ ಮಿತ್ರನಾದನು. ವಾಲ್ಟ್ ಡಿಸ್ನಿಯ ಹಿಮಶ್ವೇತೆಯ ಚಿತ್ರವು ಹೊರಬಂದದ್ದು 1937ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲೇ, ನೂರಾರು ಕೆಲಸಗಾರರ ಕಾರ್ಖಾನೆಯಿಲ್ಲದೆ, ಕೈಬೆರಳಿನಲ್ಲಿ ಎಣಿಸಬಹುದಾದ ಜನರಿಂದ ಕೊಟ್ಟಿಗೆಯ ಅಟ್ಟದಲ್ಲಿ ಈ ಚಿತ್ರವು ಸಿದ್ಧವಾಗಿತ್ತು. ಇದಕ್ಕೂ ಹಿಂದೆ ಅರ್ಜೆಂಟೀನಾ ದೇಶದಲ್ಲಿ ಆದ ಪೂರ್ಣಪ್ರಮಾಣದ ಚಿತ್ರವು ನಾಶವಾಗಿಹೋದುದರಿಂದ, ಇಂದು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅಹಮದನ ಚಿತ್ರವೇ ಅತಿ ಪ್ರಾಚೀನವಾದುದು.

ಕೀರ್ತಿಯು ಬಂದಿತು, ಆದರೆ ಸುಖವು ಬಹುಕಾಲ ನಿಲ್ಲಲಿಲ್ಲ. 1928ರಲ್ಲಿ ಪ್ರಾಣಿಗಳ ಭಾಷೆಯನ್ನರಿತ ಡಾಕ್ಟರ್ ಡೂಲಿಟ್ಲ್ ಎಂಬವನ ಕಥೆಯನ್ನು ಆಕೆಯು ಚಿತ್ರವಾಗಿ ಮಾಡಿದಳು. ಅಷ್ಟರಲ್ಲಿ ಮೂಕಚಿತ್ರಗಳ ಕಾಲವು ಮುಗಿದು ವಾಕ್ಚಿತ್ರಗಳ ಕಾಲವು ಬಂದಿತು. ಆ ಸಂಧಿಕಾಲದಲ್ಲಿ ನಟರನ್ನೂ ನೆರಳನ್ನೂ ಬೆರೆಸಿ ಆಕೆಯು ಇನ್ನೊಬ್ಬರೊಡನೆ ಕೂಡಿ ಮಾಡಿದ ದೊಡ್ಡ ಚಿತ್ರವೊಂದು ಸೋತುಹೋಯಿತು. ಆಕೆಯು ಕುಗ್ಗದೆ ಮತ್ತೆ ಕಿರುಚಿತ್ರಗಳಿಗೆ ಹಿಂದಿರುಗಿ, ಸಂಗೀತವನ್ನೇ ಆಧಾರವಾಗಿಟ್ಟುಕೊಂಡಳು. ಬೀಜೇ ಎಂಬವನ ಕಾರ್ಮೆನ್ ಗೀತನಾಟಕವನ್ನು ಅನುಸರಿಸಿದ ಚಿತ್ರವು 1933ರಲ್ಲಿಯೂ, ಮೋಟ್ಸಾರ್ಟನ ಗೀತನಾಟಕದ ಹಕ್ಕಿ ಹಿಡಿಯುವವನನ್ನು ಕುರಿತ ಪಾಪಗೇನೋ ಎಂಬ ಚಿತ್ರವು 1935ರಲ್ಲಿಯೂ ಹೊರಬಂದುವು. ಸ್ವರದ ಏರಿಳಿತಕ್ಕೆ ಸರಿಯಾಗಿ ಬೊಂಬೆಗಳು ಕುಣಿಯುವುದನ್ನು ಕಂಡವರು ಅವು ಕಾಗದವೆಂಬುದನ್ನೇ ಮರೆಯುತ್ತಿದ್ದರು.

1933ರ ಜನವರಿಯಲ್ಲಿ ಹಿಟ್ಲರನು ಜರ್ಮನಿಯ ಅಧಿಕಾರವನ್ನು ಹಿಡಿದನು. ಲೋಟೆಯೂ ಆಕೆಯ ಪತಿಯೂ ಯೆಹೂದ್ಯರಲ್ಲ; ಸುಮ್ಮನಿದ್ದರೆ ಅವರಿಗೆ ಭಯವೇನೂ ಇರಲಿಲ್ಲ. ಆದರೆ ಅವರ ಸ್ನೇಹಿತರಲ್ಲಿ ಅನೇಕರು ಯೆಹೂದ್ಯರು. ಆ ಸ್ನೇಹಿತರನ್ನು ಪೀಡಿಸುವ ಆಳ್ವಿಕೆಯ ಕೆಳಗೆ ಬಾಳುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. 1930ರ ದಶಕದ ನಡುಭಾಗದಲ್ಲಿ ಅವರು ದೇಶವನ್ನು ಬಿಟ್ಟರು. ಯಾವ ರಾಜ್ಯವೂ ಶಾಶ್ವತವಾಗಿ ನೆಲಸುವ ಅನುಮತಿಯನ್ನು ಕೊಡಲಿಲ್ಲ. ಅನುಮತಿಯ ಅವಧಿ ಮುಗಿದೊಡನೆ ಗಂಟುಮೂಟೆಗಳನ್ನು ಕಟ್ಟಿಕೊಂಡು ಇನ್ನೊಂದು ದೇಶಕ್ಕೆ ಹೋಗಬೇಕು. ಲಂಡನ್ನಿನಲ್ಲಿ ಅಂಚೆ ಇಲಾಖೆಯ ಚಿತ್ರವಿಭಾಗಕ್ಕಾಗಿ ಆಕೆಯು ಕೆಲಸಮಾಡಿದಳು. ಅಂಚೆಯ ಉಳಿತಾಯ ಬ್ಯಾಂಕಿನಲ್ಲಿ ಹಣವಿಡಬೇಕೆಂಬುದನ್ನು ಸಾರುವ ಸ್ಕಾಟ್ಲಂಡಿನ ಪ್ರೇಮಕಥೆಯೊಂದು 1938ರಲ್ಲಿ ಹೀಗೆ ಬಂದಿತು. ಅದೇ ವರ್ಷ ಹೊರಬಂದ ರೆನ್ವಾರನ ಲಾ ಮಾರ್ಸೆಯೇಸ್ ಎಂಬ ಚಿತ್ರದಲ್ಲಿ ಬರುವ ನೆರಳಿನಾಟವೂ ಆಕೆಯದೇ. ಮನೆಯಿಲ್ಲ, ಚಿತ್ರಶಾಲೆಯಿಲ್ಲ, ಸ್ವಂತ ದೇಶವೆಂಬುದೂ ಇಲ್ಲ. ಕತ್ತರಿಯೊಂದು ಮಾತ್ರ ಜೊತೆಯಲ್ಲಿ. ದೊಡ್ಡ ಯಂತ್ರಗಳನ್ನು ನಂಬಿದ ಕಲಾವಿದನು ಇಂತಹ ಸ್ಥಿತಿಯಲ್ಲಿ ಕೈಕಟ್ಟಿ ಕುಳಿತಿರಬೇಕಾಗುತ್ತಿತ್ತು. ಲೋಟೆಯ ವಿದ್ಯೆಯು ಆಕೆಯ ಬೆರಳುಗಳಲ್ಲಿದ್ದುದರಿಂದ ಯಾವ ಗಡಿಯ ಕಾವಲುಗಾರನೂ ಅದನ್ನು ಕಸಿದುಕೊಳ್ಳಲಾರದೆ ಹೋದನು.

ಎರಡನೆಯ ಮಹಾಯುದ್ಧವು ಅವರನ್ನು ಇಟಲಿಯಲ್ಲಿ ಹಿಡಿಯಿತು. ರೆನ್ವಾರನು 1940ರಲ್ಲಿ ರೋಮಿನಲ್ಲಿ ಟೋಸ್ಕಾ ಎಂಬ ಚಿತ್ರವನ್ನು ಆರಂಭಿಸಿ, ಇಟಲಿಯು ಯುದ್ಧಕ್ಕಿಳಿದುದರಿಂದ ಬಿಟ್ಟುಹೋಗಲು, ಕಾರ್ಲ್ ಕೋಖನೇ ಅದನ್ನು ಪೂರ್ಣಗೊಳಿಸಿದನು. ಲೋಟೆಯ ತಾಯಿಯು ಬರ್ಲಿನ್ನಿನಲ್ಲಿ ಅಸ್ವಸ್ಥಳಾಗಿದ್ದಳು. ತಾನು ದ್ವೇಷಿಸಿದ ಆಳ್ವಿಕೆಯು ಇನ್ನೂ ಅಳಿದಿಲ್ಲ, ನಗರದ ಮೇಲೆ ಬಾಂಬುಗಳು ಬೀಳುತ್ತಿವೆ. ಆದರೂ ಮಗಳಾದವಳು ಬೇರೆ ಏನು ಮಾಡಿಯಾಳು? 1944ರ ಹೊತ್ತಿಗೆ ಆಕೆಯು ತಾಯಿಯ ಆರೈಕೆಗಾಗಿ ಬರ್ಲಿನ್ನಿಗೆ ಮರಳಿದಳು. ಅಲ್ಲಿ ಆಕೆಯು ಕೈಗೆತ್ತಿಕೊಂಡ ಚಿನ್ನದ ಬಾತಿನ ಕಥೆಯ ಚಿತ್ರವು ಆಗ ಪೂರ್ಣವಾಗಲಿಲ್ಲ. 1945ರಲ್ಲಿ ಬರ್ಲಿನ್ ನಗರಕ್ಕಾಗಿ ನಡೆದ ಕದನದಲ್ಲಿ ಅಹಮದನ ಚಿತ್ರದ ಮೂಲ ನೆಗೆಟಿವ್ ಸುಟ್ಟುಹೋಯಿತು. ಮೂರು ವರ್ಷಗಳ ಕಾಲ ಮೊಣಕಾಲೂರಿ ಮಾಡಿದ ಕೆಲಸದ ತಾಯಿಬೇರೇ ಹೀಗೆ ನಾಶವಾಯಿತು.

1949ರಲ್ಲಿ ದಂಪತಿಗಳು ಲಂಡನ್ನಿಗೆ ಬಂದು ನೆಲಸಿದರು. ಲೋಟೆಗೆ ಆಗ ಐವತ್ತು ವರ್ಷ. ಬಾಳನ್ನು ಮೊದಲಿನಿಂದ ಆರಂಭಿಸಬೇಕಾದ ಕಾಲವಲ್ಲ. ಆಗ ಹಳೆಯ ಉಪಕಾರವೊಂದು ಹೊಸ ರೂಪದಲ್ಲಿ ಬಂದು ಕೈಹಿಡಿಯಿತು. ಪೋಟ್ಸ್‌ಡಾಮಿನ ಹಾಗೆನನಿಗೆ ಅವನದೇ ಹೆಸರಿನ ಮಗನಿದ್ದನು. ಅಟ್ಟದ ಮೇಲೆ ಅಹಮದನ ಕುದುರೆಯು ಹಾರಲು ಕಲಿಯುತ್ತಿದ್ದಾಗ ಈತನು ಅದೇ ಮನೆಯಲ್ಲಿ ಬೆಳೆಯುತ್ತಿದ್ದ ಬಾಲಕ. ಯೆಹೂದ್ಯ ಕುಟುಂಬದವನಾದುದರಿಂದ ಹಿಟ್ಲರನ ಕಾಲದಲ್ಲಿ ಹರೆಯದಲ್ಲಿಯೇ ಸೆರೆಶಿಬಿರದ ಕಷ್ಟವನ್ನುಂಡು, ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದು, ಅಲ್ಲಿಯ ಸೈನ್ಯದಲ್ಲಿ ಹೋರಾಡಿದ್ದನು. 1953ರಲ್ಲಿ ಆತನು ಪ್ರಿಮ್‌ರೋಸ್ ಎಂಬ ಸಂಸ್ಥೆಯನ್ನು ಲೋಟೆಯೊಡನೆ ಕೂಡಿ ಸ್ಥಾಪಿಸಿದನು. ಮುಂದಿನ ಎರಡು ಮೂರು ವರ್ಷಗಳಲ್ಲಿ ಸಿಂಡರೆಲ್ಲಾ, ನಿದ್ರಿಸುವ ರಾಜಕುಮಾರಿ, ಕಪ್ಪೆಯಾದ ರಾಜಕುಮಾರ, ಹಾನ್ಸೆಲ್ ಮತ್ತು ಗ್ರೆಟೆಲ್ ಮುಂತಾದ ಹನ್ನೆರಡಕ್ಕೂ ಹೆಚ್ಚು ಕಥೆಗಳು ಆಕೆಯ ಕತ್ತರಿಯಿಂದ ಹೊರಬಂದು, ಬಿ.ಬಿ.ಸಿ.ಯ ಟೆಲಿವಿಷನ್ ಮೂಲಕ ಮನೆಮನೆಯ ಮಕ್ಕಳನ್ನು ತಲಪಿದುವು. ಧೀರನಾದ ಪುಟ್ಟ ದರ್ಜಿಯ ಕಥೆಗೆ 1955ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ಬೆಳ್ಳಿಯ ಡಾಲ್ಫಿನ್ ಎಂಬ ಬಹುಮಾನವು ಬಂದಿತು. 1956ರಲ್ಲಿ ಬೆತ್ಲೆಹೇಮಿನ ನಕ್ಷತ್ರವೆಂಬ ಕ್ರಿಸ್ತಜಯಂತಿಯ ಕಥೆಯನ್ನು ಆಕೆಯು ಬಣ್ಣದ ಹಿನ್ನೆಲೆಯಲ್ಲಿ ಚಿತ್ರಿಸಿದಳು. ತಂದೆಯು ಮಾಡಿದ ಸಹಾಯಕ್ಕೆ ಮಗನ ಕಾಲದಲ್ಲಿ ಎರಡನೆಯ ಸುಗ್ಗಿಯು ಬಂದಂತಾಯಿತು.

1963ರಲ್ಲಿ ಕಾರ್ಲ್ ಕೋಖನು ಮರಣಹೊಂದಿದನು. ನಲವತ್ತೆರಡು ವರ್ಷ ಜೊತೆಯಲ್ಲಿ ಕ್ಯಾಮರಾದ ಬಳಿ ನಿಂತಿದ್ದವನು ಇಲ್ಲವಾಗಲು, ಲೋಟೆಯು ಚಿತ್ರಗಳನ್ನು ಮಾಡುವುದನ್ನು ಬಿಟ್ಟು ಹಲವು ವರ್ಷ ಮೌನವಾಗಿ ಕಳೆದಳು. ಲೋಕವೂ ಆಕೆಯನ್ನು ಬಹುಮಟ್ಟಿಗೆ ಮರೆತಿತ್ತು. ಆದರೆ 1969ರಲ್ಲಿ ಆಮಂತ್ರಣದ ಮೇಲೆ ಆಕೆಯು ಜರ್ಮನಿಗೆ ಹೋದಾಗ, ಅಲ್ಲಿಯ ಹೊಸ ತಲೆಮಾರಿನವರು ಆಕೆಯ ಚಿತ್ರಗಳನ್ನು ಕಂಡು ಬೆರಗಾದರು. ಮರುವರ್ಷ ನೆರಳಿನ ರಂಗಗಳನ್ನೂ ನೆರಳಿನ ಚಿತ್ರಗಳನ್ನೂ ಕುರಿತ ಆಕೆಯ ಗ್ರಂಥವು ಪ್ರಕಟವಾಯಿತು. ತಾನು ಕಲಿತ ರಹಸ್ಯವನ್ನು ಬಚ್ಚಿಡದೆ ಬೊಂಬೆಯನ್ನು ಕತ್ತರಿಸುವುದು ಮೊದಲುಗೊಂಡು ಎಲ್ಲವನ್ನೂ ಅದರಲ್ಲಿ ತಿಳಿಸಿಕೊಟ್ಟಿದ್ದಾಳೆ. 1972ರಲ್ಲಿ ಜರ್ಮನಿಯ ಚಲನಚಿತ್ರದ ಚಿನ್ನದ ಪದಕವೂ, 1979ರಲ್ಲಿ ಆ ರಾಷ್ಟ್ರದ ಗೌರವ ಶಿಲುಬೆಯೂ ಆಕೆಗೆ ಸಂದುವು. ದೇಶವನ್ನು ಬಿಟ್ಟುಹೋದವಳಿಗೆ ದೇಶವೇ ಕೈಮುಗಿದಂತಾಯಿತು.

ಎಪ್ಪತ್ತು ದಾಟಿದ ಮೇಲೆ ಆಕೆಯು ಮರಳಿ ಕತ್ತರಿಯನ್ನು ಹಿಡಿದಳು. ಕೆನಡಾ ದೇಶದ ರಾಷ್ಟ್ರೀಯ ಚಲನಚಿತ್ರ ಮಂಡಲಿಗಾಗಿ ಫ್ರಾನ್ಸಿನ ಹಳೆಯ ಪ್ರೇಮಕಥೆಯಾದ ಒಕಾಸೆ ಮತ್ತು ನಿಕೊಲೆಟ್ ಎಂಬುದನ್ನು ಚಿತ್ರವಾಗಿ ಮಾಡಿಕೊಟ್ಟಳು. 1980ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ, ನಾಲ್ಕು ಋತುಗಳನ್ನು ಕುರಿತ ತನ್ನ ಕೊನೆಯ ಚಿತ್ರವನ್ನು ಮುಗಿಸಿದಳು. ಕಡೆಗಾಲದಲ್ಲಿ ಟ್ಯೂಬಿಂಗೆನ್ ಪಟ್ಟಣದ ಬಳಿಯ ಡೆಟೆನ್‌ಹೌಸೆನ್ ಎಂಬ ಹಳ್ಳಿಯಲ್ಲಿ ಸ್ನೇಹಿತರ ಆಶ್ರಯದಲ್ಲಿದ್ದು, 1981ನೆಯ ಇಸವಿ ಜೂನ್ ತಿಂಗಳ 19ನೆಯ ತಾರೀಖಿನಲ್ಲಿ ಪರಲೋಕವನ್ನೈದಿದಳು. ಆಗ ಆಕೆಗೆ ಎಂಬತ್ತೆರಡು ವರ್ಷ ತುಂಬಿತ್ತು.

ಸುಟ್ಟುಹೋದ ಅಹಮದನ ಚಿತ್ರದ ಗತಿ ಏನಾಯಿತೆಂದು ಓದುವವರು ಕೇಳಬಹುದು. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಭಂಡಾರದಲ್ಲಿ ಹಳೆಯ ಪ್ರತಿಯೊಂದು ಮೂಲದ ಬಣ್ಣಗಳೊಡನೆ ಉಳಿದಿತ್ತು. ಅದನ್ನು ಆಧರಿಸಿ ಫ್ರಾಂಕ್‌ಫರ್ಟಿನ ಚಲನಚಿತ್ರ ವಸ್ತುಸಂಗ್ರಹಾಲಯದವರು ಆಕೆಯ ಜನ್ಮಶತಾಬ್ದಿಯಾದ 1999ರಲ್ಲಿ ಚಿತ್ರವನ್ನು ಪುನರುದ್ಧರಿಸಿದರು. ತೆರೆಯ ಮೇಲೆ ಹಳದಿ ಹಗಲು, ನೀಲಿ ಇರುಳು, ಕೆಂಪು ಬೆಂಕಿ, ಇವುಗಳ ನಡುವೆ ಆ ಕರಿಯ ಕುದುರೆಯು ಮತ್ತೆ ಹಾರಿತು. ಟ್ಯೂಬಿಂಗೆನ್ನಿನ ನಗರ ವಸ್ತುಸಂಗ್ರಹಾಲಯದಲ್ಲಿ ಆಕೆಯ ಬೊಂಬೆ ಮುಂತಾದ ವಸ್ತುಗಳನ್ನು ಕಾಪಾಡಿ ಇಟ್ಟಿದ್ದಾರೆ.

ಈ ಚರಿತ್ರೆಯಿಂದ ನಾವು ತಿಳಿದುಕೊಳ್ಳತಕ್ಕುದೇನು? ಲೋಟೆಗೆ ಶಾಲೆಯಲ್ಲಿ ದೊರೆತ ವಿದ್ಯೆಯು ಬಹು ಅಲ್ಪವಾದುದು. ಅದನ್ನು ಆಕೆಯು ಅಲ್ಪವೆಂದು ಎಣಿಸಲಿಲ್ಲ, ಅಷ್ಟೇ. ಆಕೆಯು ಐಶ್ವರ್ಯವಂತಳಾಗಲಿಲ್ಲ, ಎರಡು ಸಲ ಎಲ್ಲವನ್ನೂ ಕಳೆದುಕೊಂಡಳು. ಬ್ಯಾಂಕಿನಲ್ಲಿಟ್ಟ ಹಣವನ್ನು 1923ರ ದುಷ್ಕಾಲವು ನುಂಗಿತು, ಭಂಡಾರದಲ್ಲಿಟ್ಟ ಚಿತ್ರವನ್ನು 1945ರ ಬೆಂಕಿಯು ನುಂಗಿತು. ಕೈಯೊಳಗಿದ್ದ ವಿದ್ಯೆಯೊಂದನ್ನು ಯಾವುದೂ ನುಂಗಲಿಲ್ಲ. ಈ ಶಾಲೆಯಲ್ಲಿ ಕಲಿತು ಈಗ ಸಂಸಾರದ ಭಾರವನ್ನು ಹೊತ್ತಿರುವ ಸಹೋದರಿಯರು, ಎಂದೋ ಕಲಿತು ಪೆಟ್ಟಿಗೆಯಲ್ಲಿಟ್ಟ ತಮ್ಮ ಕೈಗೆಲಸವನ್ನು ಹೊರಕ್ಕೆ ತೆಗೆದು ನೋಡಲಿ. ಐವತ್ತನೆಯ ವರ್ಷದಲ್ಲಿ ಹೊಸದಾಗಿ ಆರಂಭಿಸಿದವಳ ಕಥೆಯನ್ನು ಓದಿದ ಬಳಿಕ ಕಾಲವು ಮೀರಿತೆಂದು ಹೇಳಲಾರರು. ತಾಯಿತಂದೆಗಳಾದರೋ, ಮಗಳು ಪುಸ್ತಕವನ್ನು ಬದಿಗಿಟ್ಟು ಕಾಗದವನ್ನು ಕತ್ತರಿಸುತ್ತ ಕುಳಿತಿದ್ದರೆ ಗದರಿಸುವುದಕ್ಕೆ ಮೊದಲು ಒಂದು ಗಳಿಗೆ ನಿಂತು, ಆ ಕೈಯಿಂದ ಏನು ಹೊರಬರುತ್ತಿದೆಯೆಂಬುದನ್ನು ನೋಡುವವರಾಗಲಿ.